ಐದನೇ ಮಹಡಿಯ ಲಿಫ್ಟ್ ಬಾಗಿಲು

ಹೊಸ ಗೇಮ್ ಯಂತ್ರದಲ್ಲಿ ಲಿಫ್ಟ್ ಹತ್ತಿ ಗುಂಡಿ ಒತ್ತಿದ್ದೇ ತಡ, ಆರನೇ ಮಹಡಿಯ ಬಾಗಿಲು ತೆರೆದುಕೊಂಡಿತು. ಲಿಫ್ಟಿನೊಳಗಿದ್ದ ತಾಂತ್ ಇಸ್ಮತ್, ಅಂದರೆ ಇಸ್ಮತ್ ಅತ್ತೆಯ ಬಾಯಿಂದ "ನೋಡು ಮಗಳೇ, ನಾಲ್ಕನೇ..." ಅನ್ನುವಷ್ಟು ಬಂತು. ಉಳಿದ ಮಾತು ಅಲ್ಲೇ ತುಂಡಾಯಿತು.

"ಯಾ ಸಲಾಮ್!" ಬಾಸಿಮ್ ಕುರ್ಚಿಯಲ್ಲೇ ಗಿರ್ರನೆ ಒಂದು ಸುತ್ತು ಹಾಕಿದ. "ಕಣ್ಣು ಮಿಟುಕಿಸೋದ್ರೊಳಗೆ ಇಡೀ ಮಹಡಿ ಲೋಡ್ ಆಯ್ತು! ನೋಡಿದ್ಯಾ ರದ್ವಾ?"

ರದ್ವಾ ನೋಡಿದ್ದಳು. ಅವಳ ಸಂಕಟವೂ ಅದೇ.

ಅಲೆಕ್ಸಾಂಡ್ರಿಯಾದ ಇಬ್ರಾಹೀಮಿಯಾದಲ್ಲಿ, ಇಸ್ತ್ರಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಇವರಿಬ್ಬರೇ ಕೂತು ಕಟ್ಟಿದ ಗೇಮ್ ಅದು. ಒಂದು ಹಳೇ ಕಟ್ಟಡ, ಅದರೊಳಗಿನ ಜನ, ಒಬ್ಬರ ಮನೆಯ ಸಾರಿನ ಬಟ್ಟಲನ್ನು ಇನ್ನೊಬ್ಬರ ಮನೆಗೆ ಮುಟ್ಟಿಸುವ ಓಡಾಟ, ಇಷ್ಟೇ ಆಟ. ಮೊದಲು ಮಾಡಿದ್ದು ಅಗ್ಗದ ಫೋನುಗಳಿಗೆ. ಆ ಫೋನುಗಳ ಮೆಮೊರಿಯಲ್ಲಿ ಒಂದು ಸಲಕ್ಕೆ ಒಂದೇ ಮಹಡಿ ಹಿಡಿಸುತ್ತಿತ್ತು. ಇನ್ನೊಂದು ಮಹಡಿಗೆ ಹೋಗಬೇಕೆಂದರೆ ಇರುವುದನ್ನು ಅಳಿಸಿ ಹೊಸದನ್ನು ತುಂಬಬೇಕು, ಅಲ್ಲಿಯವರೆಗೆ ಆಡುವವರು ಕಪ್ಪು ಪರದೆ ನೋಡುತ್ತಾ ಕೂರಬೇಕು. ಅದಕ್ಕೇ ರದ್ವಾ ಒಂದು ಆಮೆಗತಿಯ ಲಿಫ್ಟ್ ಹಾಕಿದಳು. ಬರೀ ಲಿಫ್ಟ್ ಬೇಜಾರೆಂದು, ತನ್ನದೇ ಕಟ್ಟಡದ ಆರನೇ ಮಹಡಿಯ ತಾಂತ್ ಇಸ್ಮತ್‌ಳನ್ನು ಹಿಡಿದು ಮಾತಾಡಿಸಿ, ಆ ಧ್ವನಿಯನ್ನು ಅದರೊಳಗೆ ಕೂರಿಸಿದಳು.

ಮಾತಾಡಿಸುವುದೇನು, ನಿಲ್ಲಿಸುವುದೇ ಕಷ್ಟವಾಗಿತ್ತು. ತಾಂತ್ ಮುಲೂಖಿಯಾ ಸೊಪ್ಪು ಕೊಚ್ಚುತ್ತಾ ಅಡುಗೆಮನೆಯಲ್ಲೇ ಎಲ್ಲ ಹೇಳಿಬಿಟ್ಟಳು: ನಾಲ್ಕನೇ ಮಹಡಿಯವರ ಒದ್ದೆ ಬಟ್ಟೆಯ ನೀರು ಯಾರ ತಲೆಗೆ ಬಿತ್ತು, ಎರಡನೇ ಮಹಡಿಯ ಬೆಕ್ಕು ಯಾರ ಮೀನು ಕದ್ದಿತು, ಹೀಗೆ. ನಡುವೆ ಬೆಳ್ಳುಳ್ಳಿ ಒಗ್ಗರಣೆ ಚೊರ್ರೆಂದಿತು. ಅದನ್ನು ಸಾರಿಗೆ ಸುರಿಯುವಾಗ "ಹಾ!" ಎಂದು ಜೋರಾಗಿ ಉಸಿರೆಳೆಯಬೇಕು, ಇಲ್ಲದಿದ್ದರೆ ಮುಲೂಖಿಯಾ ಹದಕ್ಕೆ ಬರುವುದಿಲ್ಲವಂತೆ. ಅದೂ ರೆಕಾರ್ಡ್ ಆಯಿತು. ಲಿಫ್ಟಿನೊಳಗೆ ಒಗ್ಗರಣೆ ಎಲ್ಲಿಂದ ಬಂತು ಅಂತ ಒಬ್ಬರೂ ಕೇಳಲಿಲ್ಲ. ಆ "ಹಾ!" ಕೇಳುವುದಕ್ಕೆಂದೇ ಜನ ಸುಮ್ಮಸುಮ್ಮನೆ ಲಿಫ್ಟ್ ಹತ್ತಿ ಇಳಿಯತೊಡಗಿದರು.

ಈಗ ಟೀವಿಗೆ ಜೋಡಿಸಿ ಆಡುವ ದೊಡ್ಡ ಯಂತ್ರಕ್ಕೆ ಗೇಮ್ ಹೋಗುತ್ತಿದೆ. ಗುರುವಾರ ತಾಂತ್ ತನ್ನ ಧ್ವನಿಯನ್ನು ದೊಡ್ಡ ಟೀವಿಯಲ್ಲಿ ಕೇಳಲು ಬರುತ್ತಾಳೆ. ಲಿಫ್ಟಿನ ಈ ವೇಗಕ್ಕೆ ಕೇಳಲು ಏನೂ ಉಳಿದಿಲ್ಲ.

"ಲಿಫ್ಟನ್ನ ಸ್ವಲ್ಪ ನಿಧಾನ ಮಾಡೋಣ," ಅಂದಳು ರದ್ವಾ.

"ಎಂಜಿನಿಯರ್ ಮೇಡಂ," ಅಂದ ಬಾಸಿಮ್. ಸಿಟ್ಟು ಬರುವ ಮುಂಚೆ ಅವನು ಹೀಗೇ ಕರೆಯುವುದು. "ಜನ ಕಾಯೋ ಕಾಟ ತಪ್ಪಲಿ ಅಂತ ಹೊಸ ಯಂತ್ರ ತಗೊಳ್ತಾರೆ. ನೀನು ಬೇಕಂತ ಕಾಯ್ಸ್ತೀಯಾ?"

"ತಾಂತ್‌ಗೋಸ್ಕರ."

"ತಾಂತ್ ಅಂದ್ರೆ ನಂಗೂ ಪ್ರಾಣ ಕಣೇ. ಆದ್ರೆ ಸುಳ್ಳು ಲೋಡಿಂಗ್ ಹಾಕಿದ್ರೆ, ಇವ್ರಿಗೆ ಗೇಮ್ ಹಗುರ ಮಾಡೋಕೆ ಬರಲ್ಲ ಅಂತ ಉಗೀತಾರೆ."

ಅವನು ಹೇಳಿದ್ದು ನಿಜವೇ. ರದ್ವಾ ಒಮ್ಮೆ ನಿಧಾನ ಮಾಡಿಯೂ ನೋಡಿದಳು. ಆಡಿ ನೋಡಲು ಬಂದ ಗೆಳತಿ ಮಾತು ಕೇಳಿಸಿಕೊಳ್ಳಲೇ ಇಲ್ಲ. "ಏನೇ ಇದು, ಹ್ಯಾಂಗ್ ಆಯ್ತಾ?" ಎಂದು ಗುಂಡಿ ಕುಟ್ಟತೊಡಗಿದಳು. ಹಳೇ ಫೋನಿನಲ್ಲಿ ಪಾಪ ಅನ್ನಿಸುತ್ತಿದ್ದ ನಿಧಾನ ಇಲ್ಲಿ ಸೋಮಾರಿತನ ಅನ್ನಿಸುತ್ತಿತ್ತು. ತಾಂತ್ ಮಾತು ತೆಗೆದುಹಾಕುವುದೇ ಸರಿಯೇನೋ ಅಂದುಕೊಳ್ಳುತ್ತಾ, ಸಪ್ಪೆ ಮುಖದಲ್ಲಿ ರದ್ವಾ ಮನೆಗೆ ಹೊರಟಳು.

ಕಟ್ಟಡದ ಬಾಗಿಲಲ್ಲೇ ಠಣ್ ಠಣ್ ಸದ್ದು. ತಾಂತ್ ಇಸ್ಮತ್ ತರಕಾರಿ ಚೀಲಗಳನ್ನು ಕಾಲ ಬುಡದಲ್ಲಿಟ್ಟುಕೊಂಡು, ಬೀಗದ ಕೈಯಿಂದ ಲಿಫ್ಟಿನ ಕಬ್ಬಿಣದ ಬಾಗಿಲು ಬಡಿಯುತ್ತಾ, ಮೆಟ್ಟಿಲ ನಡುವಿನ ಪೊಳ್ಳಿನತ್ತ ಕತ್ತೆತ್ತಿ ಕೂಗುತ್ತಿದ್ದಳು.

"ಲಿಫ್ಟ್ ಬಾಗ್ಲು ಹಾಕ್ರಪ್ಪೋ, ಪುಣ್ಯಾತ್ಮರಾ! ನಮ್ಗೂ ಮನೆ ಇದೆ!"

ಮೇಲೆ ಯಾರೋ ಬಾಗಿಲು ಹಾಕದೆ ಹೋಗಿದ್ದಾರೆ. ಅದು ಮುಚ್ಚುವವರೆಗೆ ಲಿಫ್ಟ್ ಅಲುಗಾಡುವುದಿಲ್ಲ.

"ಬಂದ್ಯಾ ರದ್ವಾ? ಐದನೇ ಮಹಡಿಯೋರೇ ಇರ್ಬೇಕು. ಆ ಮನೆ ಸೊಸೆಗೆ ಒಂದು ಬಾಗ್ಲೂ ಹಾಕಿ ಅಭ್ಯಾಸ ಇಲ್ಲ, ಫ್ರಿಜ್ಜೂ ಹಾಗೇ ಬಿಟ್ಟಿರ್ತಾಳೆ. ಅದಿರ್ಲಿ, ಆ ಬೆಕ್ಕಿನ ಕತೆ ಗೊತ್ತಾಯ್ತಾ?"

ತಾಂತ್ ಶುರು ಮಾಡಿದಳು. ರದ್ವಾ ಅರ್ಧ ಕೇಳುತ್ತಾ ನಿಂತವಳು ತಟ್ಟನೆ ಮೆಟ್ಟಿಲು ಹತ್ತಿ ಓಡಿದಳು. ಕೆಳಗಿನಿಂದ ತಾಂತ್ ಧ್ವನಿ ಬರುತ್ತಲೇ ಇತ್ತು, ಮಹಡಿಯಿಂದ ಮಹಡಿಗೆ ಚಿಕ್ಕದಾಗುತ್ತಾ, ಗೋಡೆಗೆ ತಾಗಿ ಗುಂಯ್‌ಗುಡುತ್ತಾ. ಒಂದು ಮನೆಯೊಳಗೆ ಟೀವಿ, ಇನ್ನೊಂದರಲ್ಲಿ ಪ್ರೆಷರ್ ಕುಕ್ಕರ್, ಮತ್ತೊಂದರಲ್ಲಿ ಜಗಳ. ಐದನೇ ಮಹಡಿಯಲ್ಲಿ ಬಾಗಿಲು ಹಾ ಎಂದು ತೆರೆದೇ ಇತ್ತು. ಅವಳು ಧಡಕ್ಕನೆ ಮುಚ್ಚಿದಳು. ಲಿಫ್ಟ್ ಗೊರಗುಡುತ್ತಾ ಕೆಳಗಿಳಿಯಿತು.

"ನಿನ್ನ ಕೈ ಚೆನ್ನಾಗಿರ್ಲಿ, ಮಗಳೇ!" ಎಂದು ಪಾತಾಳದಿಂದ ಕೂಗು ಬಂತು.

ರದ್ವಾ ಏದುಸಿರು ಬಿಡುತ್ತಾ ಮತ್ತೆ ಕೆಳಗೆ ಓಡಿಬಂದು ಫೋನ್ ಹಿಡಿದಳು. "ತಾಂತ್, ಇನ್ನೊಂದ್ಸಲ ಕೂಗಿ. ಬಾಗಿಲು ಬಡೀರಿ. ಕೈ ಚೆನ್ನಾಗಿರ್ಲಿ ಅನ್ನೋದೂ ಬೇಕು."

"ನಿಂಗೇನು ಹುಚ್ಚಾ? ಲಿಫ್ಟ್ ಬಂತಲ್ಲೇ!" ಅಂದಳು ತಾಂತ್. ಅಂದರೂ ಕೂಗಿದಳು, ಮೊದಲಿಗಿಂತ ಜೋರಾಗಿಯೇ.

ಮರುದಿನ ಬಾಸಿಮ್ ಕೈಕಟ್ಟಿ ನಿಂತು ಅವಳ ಮಾತು ಕೇಳಿಸಿಕೊಂಡ. ಹಳೇ ಫೋನಿಗೆ ಒಂದೇ ಮಹಡಿ ಹಿಡಿಸುತ್ತಿತ್ತು, ಈ ಯಂತ್ರಕ್ಕೆ ಎಲ್ಲ ಮಹಡಿಯೂ ಒಟ್ಟಿಗೇ ಹಿಡಿಸುತ್ತವಲ್ಲ, ಅಂದಳು ರದ್ವಾ. ಹಾಗಾದರೆ ಮೆಟ್ಟಿಲು ಯಾಕೆ ಬೇಡ? ಪ್ರತಿ ಬಾಗಿಲ ಹಿಂದೆ ಒಂದು ಸದ್ದು, ಬುಡದಿಂದ ತುದಿಯವರೆಗೆ ತಾಂತ್ ಧ್ವನಿ. ಲಿಫ್ಟ್ ಓಡುವಾಗ ಮಿಂಚಿನಂತೆ ಓಡಲಿ. ಆಗಾಗ ಮಾತ್ರ ಮೇಲೆ ಯಾರೋ ಬಾಗಿಲು ಹಾಕಲು ಮರೆತಿರುತ್ತಾರೆ. ಕೆಳಗೆ ತಾಂತ್ ಜೊತೆ ಹರಟುತ್ತಾ ನಿಂತರೆ ಯಾರಾದರೂ ಮುಚ್ಚುತ್ತಾರೆ. ಅವಸರವಿದ್ದವರು ತಾವೇ ಹತ್ತಿ ಹೋಗಿ ಮುಚ್ಚಲಿ.

"ಸುಳ್ಳು ಲೋಡಿಂಗ್ ಅಲ್ಲ ಅಂತೀಯಾ?"

"ಇದು ನಮ್ಮ ಲಿಫ್ಟು. ಸುಳ್ಳು ಎಲ್ಲಿಂದ ಬಂತು?"

ಬಾಸಿಮ್ ಗಡ್ಡ ಕೆರೆದುಕೊಂಡ. "ತಾಂತ್ ಆಡ್ಲಿ. ಅವ್ರೂ ಗುಂಡಿ ಕುಟ್ಟಿದ್ರೆ ತೆಗೀಬೇಕು, ಆಯ್ತಾ?"

ಗುರುವಾರ ತಾಂತ್ ಒಳ್ಳೇ ಸ್ಕಾರ್ಫ್ ಸುತ್ತಿಕೊಂಡು, ಒಂದು ಡಬ್ಬಿ ಬಸ್ಬೂಸಾ, ರವೆಯ ಸಿಹಿ, ಹಿಡಿದು ಬಂದಳು. ಕಂಟ್ರೋಲರನ್ನು ಪೂರಿ ಲಟ್ಟಿಸುವವಳ ಹಾಗೆ ಎರಡೂ ಕೈಯಲ್ಲಿ ಒತ್ತಿ ಹಿಡಿದಳು. ಟೀವಿಯಲ್ಲಿ ಲಿಫ್ಟ್ ಬರಲಿಲ್ಲ. ಠಣ್ ಠಣ್ ಎಂದಿತು, ಕೂಗು ಎದ್ದಿತು, ನಾಲ್ಕನೇ ಮಹಡಿಯ ಬಟ್ಟೆಯ ಕತೆ ಶುರುವಾಯಿತು.

"ಅಯ್ಯೋ, ನಾನೇ!" ತಾಂತ್ ಮುಖ ಅರಳಿತು. ಸ್ವಲ್ಪ ಕೇಳಿದಳು. ಆಮೇಲೆ ಹುಬ್ಬು ಗಂಟಿಕ್ಕಿತು. "ಹಾಗಲ್ಲ ನಡೆದದ್ದು. ನೀರು ಬಿದ್ದದ್ದು ಟೋಪಿ ಮೇಲೆ." ಇನ್ನೂ ಸ್ವಲ್ಪ ಕೇಳಿದಳು. "ಎಷ್ಟು ಮಾತಾಡ್ತಾಳಪ್ಪಾ ಈ ಹೆಂಗಸು! ಪಾಪ, ಮಂಡಿನೋವು ಬೇರೆ ಇವ್ಳಿಗೆ. ಮೇಲೆ ಯಾವಳು ಅವ್ಳು, ಬಾಗ್ಲು ಹಾಕ್ದೇ ಹೋದವ್ಳು?"

ಬಾಸಿಮ್ ರದ್ವಾಳನ್ನು ನೋಡಿದ.

ತಾಂತ್ ಗುಂಡಿ ಕುಟ್ಟಲಿಲ್ಲ. ಮೆಟ್ಟಿಲ ಕಡೆ ತಿರುಗಿದಳು. ತನ್ನ ನಿಜವಾದ ಮಂಡಿ ಒಪ್ಪದ ಮೆಟ್ಟಿಲುಗಳನ್ನು ಟೀವಿಯೊಳಗೆ ದಡದಡ ಹತ್ತಿದಳು. ದಾರಿಯಲ್ಲಿ ಕುಕ್ಕರ್ ಸದ್ದಿಗೆ ನಿಂತು, "ಬೀನ್ಸ್ ಬೇಯ್ತಿದೆ" ಅಂದಳು. ಜಗಳದ ಬಾಗಿಲಲ್ಲಿ ಇನ್ನೂ ಸ್ವಲ್ಪ ಹೆಚ್ಚೇ ನಿಂತಳು. ಐದನೇ ಮಹಡಿಗೆ ಬಂದು ಬಾಗಿಲು ಧಡ್ ಎಂದು ಮುಚ್ಚಿದಳು.

"ನಿನ್ನ ಕೈ ಚೆನ್ನಾಗಿರ್ಲಿ, ಮಗಳೇ!" ಎಂದು ಕೆಳಗಿನಿಂದ ಕೂಗು ಬಂತು.

"ನೀನೂ ಚೆನ್ನಾಗಿರು ತಾಯಿ!" ಎಂದು ತಾಂತ್ ಟೀವಿಗೆ ಅಷ್ಟೇ ಜೋರಾಗಿ ಉತ್ತರ ಕೊಟ್ಟಳು.

ಬಾಸಿಮ್ ಬಾಯಿತುಂಬ ಬಸ್ಬೂಸಾ ಇಟ್ಟುಕೊಂಡೇ ನಕ್ಕ. "ಇರ್ಲಿ ಬಿಡು ರದ್ವಾ, ಹೀಗೇ ಇರ್ಲಿ."

ತಾಂತ್ ಮಾತ್ರ ಕಂಟ್ರೋಲರ್ ಬಿಡಲಿಲ್ಲ. ತಿರುಗಿ ಮೆಟ್ಟಿಲು ಇಳಿಯತೊಡಗಿದ್ದಳು.

"ಎಲ್ಲಿಗೆ ತಾಂತ್? ಮುಗೀತಲ್ಲ!"

"ಎಲ್ಲಿ ಮುಗೀತು? ಅವಳಿನ್ನೂ ಬೆಕ್ಕಿನ ವಿಷ್ಯ ಹೇಳೇ ಇಲ್ಲ."