ಚೀಲಕ್ಕೊಂದು ಕಿಲೋ

೨೦೦೫ನೇ ಇಸವಿ ನವೆಂಬರ್ ೧೪ರ ಸಂಜೆಗೆ, ಶಾಲಾ ಸಮಾರಂಭಗಳಲ್ಲಿ ಪರಮೇಶ್ವರಪ್ಪನವರು ಮಾಡಿದ ಭಾಷಣಗಳ ಸಂಖ್ಯೆ ನೂರ ಹದಿನೇಳಕ್ಕೆ ತಲುಪಿತು. ನೂರ ಹದಿನೇಳು ಸಲವೂ ಒಂದೇ ಭಾಷಣ. ಮನುಷ್ಯನ ಬಾಳನ್ನು ರೂಪಿಸುವವು ಮೂರು: ವಿದ್ಯೆ, ಛಲ ಮತ್ತು ಶೀಲ. ವಿದ್ಯೆ ಎನ್ನುವಾಗ ಅವರು ತೋರುಬೆರಳನ್ನು ಎತ್ತುತ್ತಿದ್ದರು; ಛಲ ಎನ್ನುವಾಗ ಮುಷ್ಟಿ ಬಿಗಿಯುತ್ತಿದ್ದರು; ಶೀಲ ಎನ್ನುವಾಗ ಅಂಗೈಯನ್ನು ಎದೆಯ ಮೇಲೆ, ಸರಿಯಾಗಿ ಹೇಳುವುದಾದರೆ ಅಂಗಿಯ ಜೇಬಿನ ಮೇಲೆ, ಇಡುತ್ತಿದ್ದರು. ಮಕ್ಕಳಿಗೆ ಎಲ್ಲವೂ ಬಾಯಿಪಾಠವಾಗಿತ್ತು. ಎರಡನೆಯ ಸಾಲಿನವರು ಅವರಿಗಿಂತ ಅರ್ಧ ಕ್ಷಣ ಮೊದಲೇ ಮುಷ್ಟಿ ಬಿಗಿದು ಕೂತಿರುತ್ತಿದ್ದರು.

ಪರಮೇಶ್ವರಪ್ಪನವರ ಮನೆ ಶೆಟ್ಟಿಕೊಪ್ಪದಲ್ಲಿ, ಅಡಿಕೆ ಮಂಡಿ ನರಸಿಂಹರಾಜಪುರದ ಪೇಟೆಯಲ್ಲಿ. ಸುತ್ತಲಿನ ಸಣ್ಣ ಬೆಳೆಗಾರರು ತಂದ ಅಡಿಕೆಯನ್ನು ತೂಗಿ ಕೊಳ್ಳುವುದು ಅವರ ವ್ಯಾಪಾರ. ವಯಸ್ಸು ಐವತ್ತೆರಡು. ಚಿಮಣಿ ದೀಪದಲ್ಲಿ ಓದಿದೆ, ಬರಿಗಾಲಿನಲ್ಲಿ ಶಾಲೆಗೆ ನಡೆದೆ ಎಂದು ಅವರು ಭಾಷಣದಲ್ಲಿ ಹೇಳುತ್ತಿದ್ದುದು ನಿಜವೇ. ಹೀಗೆ ಓದಿ, ಹೀಗೆ ನಡೆದು, ಎಸ್ಸೆಸ್ಸೆಲ್ಸಿಯ ಗಣಿತದಲ್ಲಿ ಮೂರು ಸಲ ನಪಾಸಾದೆ ಎಂಬುದನ್ನು ಮಾತ್ರ ಸಮಯದ ಅಭಾವದಿಂದ ಹೇಳುತ್ತಿರಲಿಲ್ಲ.

ಈಗ ಅದು ತೊಡಕಾಯಿತು. ತಾಲ್ಲೂಕಿನ ವಿದ್ಯಾಸಂಘವೊಂದಕ್ಕೆ ಮುಂದಿನ ಜುಲೈಯಲ್ಲಿ ಹೊಸ ಅಧ್ಯಕ್ಷರು ಆಯ್ಕೆಯಾಗಬೇಕಿತ್ತು. ಹೈಸ್ಕೂಲು, ಹಾಸ್ಟೆಲು, ಒಂದು ಜೀಪು ಮತ್ತು ಎತ್ತರದ ಬೆನ್ನಿನ ಕುರ್ಚಿ ಅದಕ್ಕೆ ಸೇರಿದ್ದವು. ಆ ಕುರ್ಚಿಯ ಮೇಲೆ ಪರಮೇಶ್ವರಪ್ಪನವರಿಗೆ ಹತ್ತು ವರ್ಷಗಳಿಂದ ಕಣ್ಣು. ಎದುರಾಳಿ ರೇಣುಕಪ್ಪ, ನಿವೃತ್ತ ಗುಮಾಸ್ತ, ಸಭೆಯಲ್ಲಿ ಎದ್ದುನಿಂತು ನಯವಾಗಿ ಒಂದು ತಿದ್ದುಪಡಿ ಮಂಡಿಸಿದ: ಅಧ್ಯಕ್ಷರು ಕನಿಷ್ಠ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಅಂಕಪಟ್ಟಿ ಹಾಜರುಪಡಿಸಬೇಕು. ವಿದ್ಯೆಯ ಪರವಾಗಿ ನೂರ ಹದಿನೇಳು ಸಲ ಮಾತಾಡಿದವರು ಇದನ್ನು ವಿರೋಧಿಸುವುದು ಹೇಗೆ? ಪರಮೇಶ್ವರಪ್ಪನವರೇ ಅನುಮೋದಿಸಿದರು. ತೋರುಬೆರಳು ಅಭ್ಯಾಸಬಲದಿಂದ ಮೇಲೆದ್ದಿತು.

ಅವರು ಗುಟ್ಟಾಗಿ ಕೊಪ್ಪದಲ್ಲಿ ಖಾಸಗಿ ಅಭ್ಯರ್ಥಿಯಾಗಿ ಅರ್ಜಿ ಹಾಕಿದರು. ಉಳಿದ ವಿಷಯಗಳನ್ನು ಹೇಗೋ ಉರುಹೊಡೆಯಬಹುದಿತ್ತು; ಗಣಿತಕ್ಕೆ ಗುರು ಬೇಕಿತ್ತು. ಶೃಂಗೇರಿಯ ಹತ್ತಿರ ಮೆಣಸೆಯಲ್ಲಿ ಕೃಷ್ಣಯ್ಯ ಎಂಬ ನಿವೃತ್ತ ಮೇಷ್ಟ್ರಿದ್ದರು. ಅಲ್ಲಿ ಇವರನ್ನು ಗುರುತಿಸುವವರಿರಲಿಲ್ಲ. ಹೀಗೆ ವ್ಯಾಪಾರ ಒಂದು ತಾಲ್ಲೂಕಿನಲ್ಲಿ, ವಿದ್ಯೆ ಇನ್ನೊಂದರಲ್ಲಿ, ಪರೀಕ್ಷೆ ಮೂರನೆಯದರಲ್ಲಿ ಎಂದು ಏರ್ಪಾಡಾಯಿತು. ಮಾನ ಉಳಿಸಿಕೊಳ್ಳಲು ಮೂರು ತಾಲ್ಲೂಕು ಸಾಕಾದದ್ದು ಅವರ ಪುಣ್ಯ.

ಮೊದಲನೆಯ ಭಾನುವಾರ ಕೃಷ್ಣಯ್ಯನವರು ಸುಲಭದ ಪ್ರಶ್ನೆಯಿಂದಲೇ ಆರಂಭಿಸಿದರು.

"ನಲವತ್ತೈದು ಚೀಲ ಅಡಿಕೆ. ಚೀಲಕ್ಕೆ ಅರವತ್ತೈದು ಕಿಲೋ. ಒಟ್ಟು?"

"ಎರಡು ಸಾವಿರದ ಎಂಟುನೂರ ಎಂಬತ್ತು" ಎಂದರು ಪರಮೇಶ್ವರಪ್ಪನವರು, ಕಣ್ಣು ಮಿಟುಕಿಸುವಷ್ಟರಲ್ಲಿ.

ಮೇಷ್ಟ್ರು ಕನ್ನಡಕ ಸರಿಪಡಿಸಿಕೊಂಡರು. ಸರಿಯುತ್ತರ ಎರಡು ಸಾವಿರದ ಒಂಬೈನೂರ ಇಪ್ಪತ್ತೈದು.

"ಇಪ್ಪತ್ತೆಂಟು ಮೂಟೆ ಅಕ್ಕಿ. ಮೂಟೆಗೆ ಐವತ್ತು ಕಿಲೋ."

"ಸಾವಿರದ ಮುನ್ನೂರ ಎಪ್ಪತ್ತೆರಡು."

ಅದು ಸಾವಿರದ ನಾನ್ನೂರು. ಕೃಷ್ಣಯ್ಯನವರು ಬೇಕೆಂದೇ ಕೇಳಿದರು: "ಒಂದು ತರಗತೀಲಿ ಮೂವತ್ತಾರು ಮಕ್ಕಳು. ಒಬ್ಬೊಬ್ಬರದು ಮೂವತ್ತು ಕಿಲೋ. ಎಲ್ಲರದೂ ಸೇರಿ?"

"ಸಾವಿರದ ನಲವತ್ತನಾಲ್ಕು."

"ಅಲ್ಲ ಮಾರಾಯ್ರೆ, ಮಗುವಿಗೊಂದು ಕಿಲೋ ಎಲ್ಲಿಗೆ ಹೋಯ್ತು?"

ಪರಮೇಶ್ವರಪ್ಪನವರು ಮೊದಲ ಬಾರಿಗೆ ತಮ್ಮ ಲೆಕ್ಕವನ್ನು ತಾವೇ ಕೇಳಿಸಿಕೊಂಡರು. "ಸೂಟು, ಸ್ವಾಮಿ" ಎಂದರು ಮೆಲ್ಲಗೆ. "ಚೀಲದ ತೂಕ ಬಿಟ್ಟು, ಮೇಲೊಂದು ಕಿಲೋ ಮುರ್ಕೊಳ್ಳೋದು ಮಂಡಿ ಪದ್ಧತಿ. ಧೂಳು, ತೇವ ಅಂತ ಇರ್ತದಲ್ಲ."

"ಮಕ್ಕಳಲ್ಲಿ ಎಂತ ಧೂಳು?"

"ಅಭ್ಯಾಸ ಆಗಿಹೋಗಿದೆ. ಅಪ್ಪನ ಕಾಲದಲ್ಲಿ ಹನ್ನೆರಡನೇ ವರ್ಷಕ್ಕೇ ತೂಕ ಬರೆಯೋಕೆ ಕೂತವನು ನಾನು."

"ಹಾಗಾದ್ರೆ ಆ ಮೂರು ಸಲವೂ ನೀವು ದಡ್ಡತನಕ್ಕೆ ನಪಾಸಾದ್ದಲ್ಲ" ಎಂದರು ಕೃಷ್ಣಯ್ಯನವರು. ಅದರಲ್ಲಿ ಸಮಾಧಾನವಿತ್ತೋ ಇಲ್ಲವೋ ಪರಮೇಶ್ವರಪ್ಪನವರಿಗೆ ತಿಳಿಯಲಿಲ್ಲ.

ನಾಲ್ಕು ಭಾನುವಾರ ಕಳೆದರೂ ಆ ಒಂದು ಕಿಲೋ ಹೋಗಲಿಲ್ಲ. ಹಾಳೆಯ ಮೇಲೆ ತಿದ್ದಿದರೆ ಮುಂದಿನ ಲೆಕ್ಕದಲ್ಲಿ ಮತ್ತೆ ಹಾಜರು. ಕೊನೆಗೆ ಮೇಷ್ಟ್ರು ಸ್ಲೇಟನ್ನು ಪಕ್ಕಕ್ಕಿಟ್ಟರು.

"ಇದು ಇಲ್ಲಿ ವಾಸಿ ಆಗೂದಲ್ಲ. ಪರೀಕ್ಷೆ ಮುಗಿಯೋವರೆಗೆ ಮಂಡೀಲಿ ಸೂಟು ತೆಗೀಬೇಡಿ."

"ಸ್ವಾಮಿ, ಅದು ಬೇರೆ, ಇದು ಬೇರೆ!"

"ಅದು ನಿಮ್ಮ ತಲೆಗೆ ಗೊತ್ತಿಲ್ಲವಲ್ಲ."

ಊರಿಗೆ ಮರಳುವ ಬಸ್ಸಿನಲ್ಲಿ ಪರಮೇಶ್ವರಪ್ಪನವರು ಒಂದು ಕಡೆ ಕುರ್ಚಿಯನ್ನೂ ಇನ್ನೊಂದು ಕಡೆ ಚೀಲಗಳನ್ನೂ ಇಟ್ಟು ತೂಗಿದರು. ಬಾಳೆಹೊನ್ನೂರು ದಾಟುವ ಹೊತ್ತಿಗೆ ಕುರ್ಚಿಯ ತಟ್ಟೆ ಕೆಳಗಿಳಿದಿತ್ತು. ಇದನ್ನೇ ಅವರು ಛಲವೆಂದು ಕರೆದುಕೊಂಡರು. ಮನೆಯಲ್ಲಿ ಹೆಂಡತಿ ಗಂಗಾಂಬಿಕೆ ಅಂಗಿಯ ತೋಳನ್ನು ನೋಡಿ, "ದೇವರ ದರ್ಶನ ಅಂತ ಹೋಗ್ತೀರಿ, ಸೀಮೆಸುಣ್ಣ ಮೆತ್ಕೊಂಡು ಬರ್ತೀರಿ. ಅಲ್ಲಿ ವಿಭೂತಿಗೂ ಬರ ಬಂತಾ?" ಎಂದಳು.

ಜನವರಿಯ ಮೊದಲ ಗುರುವಾರ ಯಲ್ಲಕ್ಕ ಬಂದಳು. ಅವಳಿಗೆ ಅರ್ಧ ಎಕರೆ ತೋಟ. ವರ್ಷಕ್ಕೆ ಮಾರಲು ಸಿಗುವುದು ಹೆಚ್ಚೆಂದರೆ ಏಳು ಚೀಲ. ಅಂದು ತಂದದ್ದು ಒಂದು; ಚೀಲದ ತೂಕ ಕಳೆದು ಅರವತ್ತೇಳು ಕಿಲೋ ಬಂತು.

"ಅರವತ್ತೇಳು ಬರಿ" ಎಂದರು ಪರಮೇಶ್ವರಪ್ಪನವರು.

ಗುಮಾಸ್ತ ಕಲ್ಲೇಶನ ಪೆನ್ನು ನಿಂತಿತು. "ಸೂಟು, ಸಾವ್ಕಾರ್ರೆ?"

"ಬೇಡ."

ಯಲ್ಲಕ್ಕ ಚೀಲದ ಬಾಯಿಯನ್ನು ಹಿಡಿದುಕೊಂಡಳು. "ಎಂತಕ್ಕೆ ಬೇಡ? ಎಂತ ಆಗಿದೆ ನನ್ನ ಅಡಿಕೆಗೆ?"

"ಏನೂ ಆಗ್ಲಿಲ್ಲ ತಾಯಿ. ಇದ್ದಷ್ಟು ಬರೆಸ್ತಾ ಇದೀನಿ."

"ಇಷ್ಟು ವರ್ಷ ಒಂದು ಕಿಲೋ ನುಂಗಿದೋರು ಈವತ್ತು ಬಿಡ್ತೀರಿ ಅಂದ್ರೆ, ಇನ್ನೆಲ್ಲೋ ಎರಡು ಕಿಲೋ ನುಂಗಿದೀರಿ ಅಂತಲೇ. ತೆಗೀರಿ ಸೂಟು! ನನ್ನ ಕಣ್ಣೆದುರಿಗೇ ತೆಗೀರಿ!"

"ಇಲ್ಲ ಅಂದ್ನಲ್ಲ ಮಾರಾಯ್ತಿ!"

"ಹಂಗಾದ್ರೆ ನನಗೆ ನಿಮ್ಮ ತಕ್ಕಡಿ ಬೇಡ" ಎಂದು ಯಲ್ಲಕ್ಕ ಚೀಲವನ್ನು ಹೊರಿಸಿಕೊಂಡು ಎದುರಿನ ಮಂಡಿಗೆ ಹೋದಳು. ಆ ತಿಂಗಳು ಹನ್ನೊಂದು ಜನ ಬೆಳೆಗಾರರು ಅವಳ ಹಿಂದೆಯೇ ಹೋದರು. ಮೋಸಕ್ಕೆ ಒಗ್ಗಿಕೊಂಡಿದ್ದವರು ಸರಿಯಾದ ತೂಕಕ್ಕೆ ಬೆದರಿದರು. ಪ್ರಾಮಾಣಿಕತೆಯಿಂದ ಮಂಡಿ ಖಾಲಿಯಾಗುವುದನ್ನು ಪರಮೇಶ್ವರಪ್ಪನವರು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ನೋಡಿದರು. ಗಣರಾಜ್ಯೋತ್ಸವದ ಭಾಷಣದಲ್ಲಿ ಶೀಲ ಎಂಬ ಮಾತು ಬಂದಾಗ ಅವರ ನಾಲಿಗೆ ತಡವರಿಸಿತು. ಅದುವರೆಗೆ ಅವರಿಗೆ ಅದರ ದರ ಗೊತ್ತಿರಲಿಲ್ಲ.

ಆದರೆ ಫೆಬ್ರವರಿಯಲ್ಲಿ ಯಲ್ಲಕ್ಕ ಮರಳಿದಳು, ಜೊತೆಗೆ ನೆರೆಯವರ ಆರು ಚೀಲಗಳೂ ಬಂದವು.

"ಎದುರಿನೋನು ಅರವತ್ತಾರು ಅಂದ. ಸೊಸೈಟೀಲಿ ತೂಗಿಸಿ ನೋಡ್ದೆ, ನೀವು ಹೇಳಿದ್ದೇ ಸರಿ ಇತ್ತು" ಎಂದಳು. ಒಂದು ಕ್ಷಣ ತಡೆದು, "ಶಾಲೇಲಿ ಜೇಬು ಮುಟ್ಕೊಂಡು ಹೇಳ್ತೀರಲ್ಲ, ನಾನು ಸುಮ್ನೆ ನಾಟಕ ಅಂದ್ಕೊಂಡಿದ್ದೆ" ಎಂದು ಸೇರಿಸಿದಳು.

ಪರಮೇಶ್ವರಪ್ಪನವರಿಗೆ ಕಣ್ಣಾಲಿ ತುಂಬಿತು. ತಾವು ಇಷ್ಟು ಒಳ್ಳೆಯವರೆಂದು ಅವರಿಗೇ ಗೊತ್ತಿರಲಿಲ್ಲ.

ಕೊಪ್ಪದ ಪರೀಕ್ಷಾ ಕೊಠಡಿಗೆ ಅವರು ಕಾಲಿಟ್ಟಾಗ ಮೂವತ್ತು ಹುಡುಗರು ಎದ್ದುನಿಂತು "ನಮಸ್ತೆ ಸಾರ್" ಎಂದರು. ಅವರು ಪ್ರತಿನಮಸ್ಕಾರ ಮಾಡಿ, ಕೊನೆಯ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತರು. ಗಣಿತದ ಪತ್ರಿಕೆಯಲ್ಲಿ ಸಕ್ಕರೆ ಮೂಟೆಗಳ ಒಂದು ಲೆಕ್ಕವಿತ್ತು. ಈ ಸಲ ಅವರು ಮೂಟೆಗೊಂದು ಕಿಲೋ ಕಳೆಯಲಿಲ್ಲ. ಮೇ ತಿಂಗಳಲ್ಲಿ ಫಲಿತಾಂಶ ಬಂತು: ಗಣಿತಕ್ಕೆ ಐವತ್ತೆಂಟು, ಉಳಿದವೂ ಪಾಸು. ರೇಣುಕಪ್ಪ ಅಂಕಪಟ್ಟಿಯನ್ನು ಬೆಳಕಿಗೆ ಹಿಡಿದು ಎರಡು ಸಲ ನೋಡಿದ. ವರ್ಷವನ್ನು ಓದಿ ನಕ್ಕ. ಆದರೆ ನಿಯಮದಲ್ಲಿ ವರ್ಷದ ಮಾತಿರಲಿಲ್ಲ. ಜುಲೈ ಒಂಬತ್ತರಂದು, ಎದುರಾಳಿಯ ಹದಿನೆಂಟಕ್ಕೆ ಇಪ್ಪತ್ತಮೂರು ಮತ ಪಡೆದು, ಪರಮೇಶ್ವರಪ್ಪನವರು ಎತ್ತರದ ಬೆನ್ನಿನ ಕುರ್ಚಿಯಲ್ಲಿ ಕೂತರು.

ಮರುದಿನವೇ ಹಣ್ಣು, ಶಾಲು, ಲಕೋಟೆಯೊಂದಿಗೆ ಮೆಣಸೆಗೆ ಹೋದರು. ಕೃಷ್ಣಯ್ಯನವರು ಹಣ್ಣನ್ನು ಮಾತ್ರ ತೆಗೆದುಕೊಂಡರು.

"ಫೀಸಿಗೆ ಬದಲು ಒಂದು ಲೆಕ್ಕ ಮಾಡಿ ತೋರಿಸಿ, ಸಾಕು. ನೀವು ವರ್ಷಕ್ಕೆ ಕೊಳ್ಳೂದು ಎಷ್ಟು ಚೀಲ?"

"ಸರಾಸರಿ ಎರಡು ಸಾವಿರದ ನಾನ್ನೂರು."

"ಮಂಡಿ ನಿಮ್ಮ ಕೈಗೆ ಬಂದು?"

"ಸೂಟು ಬಿಡೋ ಹೊತ್ತಿಗೆ ಮೂವತ್ತೊಂದು ವರ್ಷ ಆಗಿತ್ತು."

"ಚೀಲಕ್ಕೊಂದು ಕಿಲೋ. ಒಟ್ಟೆಷ್ಟು? ಹಂತಹಂತವಾಗಿ ಬರೀರಿ."

ಪರಮೇಶ್ವರಪ್ಪನವರು ಬರೆದರು. ದತ್ತಾಂಶ, ಗುಣಾಕಾರ, ಉತ್ತರದ ಕೆಳಗೆ ಎರಡು ಗೆರೆ. ಎಪ್ಪತ್ತನಾಲ್ಕು ಸಾವಿರದ ನಾನ್ನೂರು ಕಿಲೋಗ್ರಾಂ. ಕೃಷ್ಣಯ್ಯನವರು ಕೆಂಪು ಪೆನ್ನಿನಿಂದ ಐದಕ್ಕೆ ಐದು ಹಾಕಿದರು.

"ನನ್ನದು ಮುಟ್ಟಿತು. ಈ ಮೊತ್ತ ಮಾತ್ರ ನನಗೆ ಬರಬೇಕಾದ್ದಲ್ಲ" ಎಂದು ಹಾಳೆಯನ್ನು ಮಡಚಿ ಅವರ ಕೈಗೇ ಕೊಟ್ಟರು.

ಬಸ್ಸಿನಲ್ಲಿ ಪರಮೇಶ್ವರಪ್ಪನವರಿಗೆ ಗಣಿತದಲ್ಲಿ ನಪಾಸಾಗಿದ್ದ ದಿನಗಳ ನೆಮ್ಮದಿ ನೆನಪಾಯಿತು. ಆಗ ಅದೆಲ್ಲ ಬರೀ ಧೂಳು, ಬರೀ ತೇವ. ಈಗ ಅದಕ್ಕೊಂದು ಮೊತ್ತವಿತ್ತು. ಆದರೆ ಕಲಿತ ವಿದ್ಯೆ ಇನ್ನೊಂದು ದಿಕ್ಕಿನಲ್ಲೂ ನಡೆಯಬಲ್ಲದೆಂದು ಅವರಿಗೆ ಬೇಗನೆ ಹೊಳೆಯಿತು. ಜನವರಿಯಿಂದೀಚೆಗೆ ಸಾವಿರದ ನೂರು ಚೀಲಗಳಿಗೆ ಸೂಟು ಬಿಟ್ಟಿದ್ದರು. ಅಂದರೆ ಬೆಳೆಗಾರರಿಗಾಗಿ ತಾವು ಮಾಡಿದ ತ್ಯಾಗ ಸಾವಿರದ ನೂರು ಕಿಲೋ. ಪರೀಕ್ಷೆ ಮುಗಿದು ಮೂರು ತಿಂಗಳಾಗಿತ್ತು. ಮೇಷ್ಟ್ರು ಹೇಳಿದ ಗಡುವೂ ಪರೀಕ್ಷೆಯವರೆಗೆ ಮಾತ್ರವಲ್ಲವೆ?

ಗುರುವಾರ ಯಲ್ಲಕ್ಕ ಕೊನೆಯ ಚೀಲವನ್ನು ತಂದಳು.

"ಅಧ್ಯಕ್ಷರಾದ್ರಂತೆ. ಒಳ್ಳೇದಾಯ್ತು ಬಿಡಿ, ನಿಮ್ಮಂಥೋರು ಬೇಕು ಮಕ್ಳಿಗೆ" ಎನ್ನುತ್ತಾ ಅವಳು ಎಲೆಗೆ ಸುಣ್ಣ ಹಚ್ಚಲು ಕೂತಳು. ತಕ್ಕಡಿಯ ಕಡೆ ತಿರುಗಿಯೂ ನೋಡಲಿಲ್ಲ. ನೋಡುವ ಅಭ್ಯಾಸವನ್ನು ಐದು ತಿಂಗಳ ಹಿಂದೆಯೇ ಬಿಟ್ಟಿದ್ದಳು.

ಚೀಲದ ತೂಕ ಕಳೆದು ಅರವತ್ತಾರು. ಕಲ್ಲೇಶ ಅರವತ್ತಾರೆಂದು ಬರೆಯತೊಡಗಿದ.

"ಅರವತ್ತೈದು" ಎಂದರು ಪರಮೇಶ್ವರಪ್ಪನವರು.

ಕಲ್ಲೇಶ ತಲೆಯೆತ್ತಿ ಅವರನ್ನು ನೋಡಿದ, ಎಲೆ ಮಡಚುತ್ತಿದ್ದ ಯಲ್ಲಕ್ಕನನ್ನು ನೋಡಿದ, ಅಂಕಿಯನ್ನು ತಿದ್ದಿ ಬರೆದ. ಪರಮೇಶ್ವರಪ್ಪನವರ ಮನಸ್ಸಿನಲ್ಲಿ ಸಂಕಲನ ತಾನಾಗಿಯೇ ನಡೆಯಿತು: ಎಪ್ಪತ್ತನಾಲ್ಕು ಸಾವಿರದ ನಾನ್ನೂರ ಒಂದು ಕಿಲೋ, ಬಾಕಿ. ಉತ್ತರ ಸರಿಯಾಗಿತ್ತು.