ಸಮಾವೇಶದ ದಿನ ಮುಚ್ಚಿದ ಬಾಗಿಲು

ಊರು ಇಟ್ಟಂಗಿಹಾಳದ ಕಡೆ ಬೆಳೆಯುತ್ತ ಬಂದು ಚಂದ್ರಾಬಾಯಿಯ ಓಣಿಯನ್ನು ನಡುವೆ ಹಿಡಿದು ನಿಲ್ಲಿಸಿತ್ತು. ಮುಂದೆ ಬೈಪಾಸು. ಹಿಂದೆ ಹೊಸ ಲೇಔಟಿನ ಕಲ್ಲುಗಳು. ಬೈಪಾಸಿನ ಆಚೆ ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜುಗಳು ಸಾಲಾಗಿ ಎದ್ದಿದ್ದವು. ತಿಕೋಟಾ, ಬಬಲೇಶ್ವರದ ಕಡೆಯಿಂದ ಮಾಲು ಅಲ್ಲಿಗೇ ಬರುತ್ತಿತ್ತು. ಓಣಿಯ ಹೆಂಗಸರಿಗೆ ಆ ಕೋಲ್ಡುಗಳನ್ನು ಬಿಟ್ಟರೆ ಬೇರೆ ದುಡಿಮೆ ಇರಲಿಲ್ಲ.

ಚಂದ್ರಾಬಾಯಿ ಅವುಗಳಲ್ಲೊಂದರಲ್ಲಿ ಒಣದ್ರಾಕ್ಷಿ ಆರಿಸುವ ಕೆಲಸದಲ್ಲಿ ಹಳಬಳು. ಮಗ ದೇವಾನಂದ ಸ್ಟೇಷನ್ ರಸ್ತೆಯ ಅಂಗಡಿಯೊಂದರಲ್ಲಿ ದುಡಿಯುತ್ತಿದ್ದ. ಅವನ ಹೆಂಡತಿ ಮೇಘಾ ನಿಡೋಣಿಯವಳು. ಮದುವೆಯಾಗಿ ಬಂದ ವರ್ಷವೇ ಅತ್ತೆಯ ಹಿಂದೆ ಕೆಲಸಕ್ಕೆ ಹೊರಟಿದ್ದಳು.

ಒಂದು ಸಂಜೆ ಸೂಪರ್‌ವೈಸರ್ ಸತೀಶಕುಮಾರ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿದ.

"ನಾಳೆ ಕೆಲಸ ಇಲ್ರಿ. ಎಲ್ಲಾರೂ ಸಮಾವೇಶಕ್ಕ ಹೋಗೂದೈತಿ. ಪಗಾರ ಕೊಡ್ತೀವಿ, ಊಟ ಅಲ್ಲೇ ಐತಿ. ನಾಳೆ ಬರದವರು ನಾಡದ ಬರೂದೂ ಬ್ಯಾಡ."

ಚಂದ್ರಾಬಾಯಿಗೆ ಹೋಗುವ ಮನಸ್ಸಿರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಇಂಥದೇ ಒಂದು ಸಭೆಯಲ್ಲಿ ಬಿಸಿಲಿಗೆ ತಲೆ ತಿರುಗಿ ಬಿದ್ದಿದ್ದಳು. ಮೈಮೇಲೆ ಮಂದಿ ದಾಟಿ ಹೋಗಿದ್ದರು. ಆದರೂ ಸಮಾವೇಶದ ದಿನ ಮುಂಜಾನೆ ಬಂದು ಹಾಜರಿ ಹೇಳಿದಳು. ಆಮೇಲೆ ಮೇಘಾಳನ್ನು ಮೂಲೆಗೆ ಕರೆದಳು.

"ನಾ ಆ ಕಡೀ ಕೋಲ್ಡ್ ಕೋಣ್ಯಾಗ ನಿಂದರ್ತೇನಿ. ಗಾಡಿ ಹೋದ ಮ್ಯಾಲ ಹಿಂದಿನ ಗೇಟಿನಿಂದ ಮನಿಗಿ ಹೋಗ್ತೇನಿ. ನೀ ಸುಮ್ಮನ ಗಾಡಿ ಹತ್ತು."

"ಗೋದಾಮಿನ್ಯಾಗ ನಿಂದರ್ರಿ ಅತ್ತಿ. ಕೋಲ್ಡಿನ್ಯಾಗ ಭಾಳ ತಂಪೈತಿ."

"ಗೋದಾಮ, ಪಾಯಖಾನಿ ಎಲ್ಲಾ ಅಂವ ಹುಡುಕ್ತಾನ. ಕೋಲ್ಡಿನ್ಯಾಗ ಯಾರ ನೋಡ್ತಾರ?"

ಆ ಕೋಣೆಯ ಬಾಗಿಲಿಗೆ ಒಳಗಿನ ಹಿಡಿಕೆ ಮುರಿದು ಬಹಳ ದಿನವಾಗಿತ್ತು. ಯಾರಾದರೂ ಒಳಗೆ ಹೋದರೆ ಬಾಗಿಲಿಗೆ ಖಾಲಿ ಕ್ರೇಟು ಅಡ್ಡ ಇಡುವುದು ರೂಢಿ. ಚಂದ್ರಾಬಾಯಿಯೂ ಕ್ರೇಟು ಇಟ್ಟೇ ಒಳಗೆ ಹೋದಳು.

ಕ್ರೂಸರ್ ಗಾಡಿ ಬೈಪಾಸು ಹತ್ತಿದಾಗ ಮೇಘಾ ಹಿಂದಿನ ಸೀಟಿನಲ್ಲಿದ್ದಳು. ಮುಂದೆ ಡ್ರೈವರ್ ಕರೆಪ್ಪನ ಬಾಜೂ ಕೂತಿದ್ದ ಸತೀಶಕುಮಾರ ಮಾಲಕನೊಂದಿಗೆ ಫೋನಿನಲ್ಲಿದ್ದ.

"ಹೌದ್ರಿ, ಎಲ್ಲಾ ಕೀಲಿ ಹಾಕೇನ್ರಿ. ಆ ಕಡೀ ಕೋಲ್ಡಿನ ಬಾಗಿಲಾ ತಗದ ಬಿಟ್ಟಿದ್ರು, ಅದನ್ನೂ ಮುಚ್ಚಿ ಬಂದೇನ್ರಿ. ವಾಚ್‌ಮನ್ನನೂ ಕರ್ಕೊಂಡೇ ಹೊಂಟೇವ್ರಿ."

ಮೇಘಾ ಕೂಡಲೇ ಫೋನು ತೆಗೆದಳು. ಅತ್ತೆಗೆ ಫೋನು ಹಚ್ಚಿದಳು. ಹತ್ತಲಿಲ್ಲ. ದಪ್ಪ ಗೋಡೆಯ ಆ ಕೋಣೆಯಲ್ಲಿ ಯಾರ ಫೋನೂ ಹತ್ತುತ್ತಿರಲಿಲ್ಲ. ಬಾಗಿಲು ಮುಚ್ಚುವ ಮೊದಲೇ ಅತ್ತೆ ಹೊರಬಿದ್ದಿರಬಹುದು, ಮನೆಯ ದಾರಿಯಲ್ಲಿರಬಹುದು ಎಂದುಕೊಂಡಳು. ಬಾಯಿ ಬಿಟ್ಟರೆ ಅತ್ತೆಯ ಕೆಲಸ ಹೋಗುತ್ತದೆ, ತನ್ನದೂ ಹೋಗುತ್ತದೆ. ಮತ್ತೆ ಫೋನು ಹಚ್ಚಿದಳು. ಬಾಜೂ ಮನೆಯ ಮಲಕವ್ವನಿಗೆ ಹಚ್ಚಿ ಕೇಳಿದಳು. "ನಿಮ್ಮ ಮನಿಗಿ ಇನ್ನಾ ಕೀಲೀನ ಐತಿ ನೋಡವಾ" ಎಂದಳು ಮಲಕವ್ವ.

ಅಷ್ಟರಲ್ಲಿ ಗಾಡಿ ಸಮಾವೇಶದ ಬಯಲಿಗೆ ಬಂದು ಬಸ್ಸುಗಳ ನಡುವೆ ನಿಂತಿತ್ತು. ಹೆಂಗಸರನ್ನೆಲ್ಲ ಬಿದಿರಿನ ಕಟಾಂಜನದೊಳಗೆ ಕೂರಿಸಿದರು. ಮೇಘಾ ಎದ್ದು ಸತೀಶಕುಮಾರನ ಹತ್ತಿರ ಹೋದಳು.

"ಸರ್, ನಮ್ಮತ್ತಿ ಆ ಕೋಲ್ಡಿನ್ಯಾಗ ಸಿಕ್ಕಾಳ್ರಿ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮುಖ ಬಿಳಿಚಿತು.

"ಗಾಡ್ಯಾಗ ಇದ್ದಾಗ ಯಾಕ ಹೇಳಲಿಲ್ಲ?"

ಅವನು ವೇದಿಕೆಯ ಕಡೆ ನೋಡಿದ. ಮಾಲಕ ಅಲ್ಲಿ ಹಾರ ಹಿಡಿದು ನಿಂತಿದ್ದ. ಸತೀಶಕುಮಾರ ಕಿಸೆಯಿಂದ ಕೀಲಿಗೊಂಚಲು ತೆಗೆದು ಮೇಘಾಳ ಕೈಯಲ್ಲಿಟ್ಟ.

"ನಾ ಇಲ್ಲಿಂದ ಅಲಗಾಡಾಕ ಬರಾಂಗಿಲ್ಲ. ನೀ ಹೋಗು. ಮಾಲಕರ ಕಿವಿಗಿ ಬಿದ್ದರ ಮೊದಲ ನಂದ ಹೋಗ್ತೈತಿ."

ಹೊರಗೆ ಹೋಗುವ ದಾರಿಗೆ ಪೊಲೀಸರು ನಿಂತಿದ್ದರು. ದೊಡ್ಡವರ ಗಾಡಿಗಳು ಬರುವ ಹೊತ್ತು, ಯಾರನ್ನೂ ಬಿಡುವುದಿಲ್ಲ ಎಂದಳು ಮಹಿಳಾ ಪೇದೆ.

"ನಮ್ಮತ್ತಿ ತಂಪಿನ ಕೋಣ್ಯಾಗ ಸಿಕ್ಕಾಳ್ರಿ. ಸಾಯ್ತಾಳ್ರಿ."

"ಮುಂಜಾನಿಂದ ಎಲ್ಲಾರೂ ಒಂದೊಂದು ಹೇಳಾಕತ್ತೀರಿ. ಹೋಗಿ ಕೂಡು."

ಮೇಘಾ ಹಿಂದೆ ಸರಿದಳು. ಹಿಂದೆಯೂ ಮಂದಿ, ಎರಡೂ ಕಡೆಗೆ ಮಂದಿ. ಮೈಕಿನಲ್ಲಿ ಕೂಗುತ್ತಿದ್ದ ಘೋಷಣೆಗೆ ಎಲ್ಲರೂ ಕೈ ಎತ್ತಿದಾಗ ಆಕೆಗೆ ಉಸಿರೇ ಆಡದಂತಾಯಿತು. ಕುಕ್ಕುರುಗಾಲಲ್ಲಿ ಕೂತು, ಬಿದಿರಿನ ಕೆಳಗಿನಿಂದ ತೆವಳಿದಳು. ಪೇದೆಯ ಕೈಗೆ ಸೆರಗು ಸಿಕ್ಕಿತು. ಮೇಘಾ ತಿರುಗಿ ನೋಡಿದಳು. ಪೇದೆ ಸೆರಗು ಬಿಟ್ಟಳು.

ಕರೆಪ್ಪ ಗಾಡಿಯ ನೆರಳಲ್ಲಿ ಮಲಗಿದ್ದ. ವಿಷಯ ಕೇಳಿ ಎದ್ದು ಕೂತ.

"ಗಾಡಿ ತಗಿಯಾಕ ಬರಾಂಗಿಲ್ಲ ತಂಗಿ. ಹಿಂದ ಮುಂದ ಬಸ್ ನಿಂತಾವು. ನಡಿ, ರೋಡಿಗಿ ಹೋಗೂಣು."

ಬೈಪಾಸಿನ ತುಂಬ ಬರುವ ಗಾಡಿಗಳೇ. ಹೋಗುವುದು ಒಂದೂ ಇರಲಿಲ್ಲ. ಇಬ್ಬರೂ ಡಾಂಬರಿನ ಅಂಚಿಗೆ ಹತ್ತಿ ಓಡುತ್ತ ನಡೆಯುತ್ತ ಹೋದರು. ಹಾಲಿನ ಕ್ಯಾನು ಕಟ್ಟಿಕೊಂಡು ಹೊಲದ ದಾರಿಯಿಂದ ಬಂದ ಮೋಟರ್ ಸೈಕಲ್ಲೊಂದನ್ನು ಕರೆಪ್ಪ ಅಡ್ಡಗಟ್ಟಿ ನಿಲ್ಲಿಸಿ, ಮೇಘಾಳನ್ನು ಹಿಂದೆ ಕೂರಿಸಿ ಕಳಿಸಿದ.

ಹಾಲಿನವನು ಗೇಟಿನ ಮುಂದೆ ಅವಳನ್ನು ಇಳಿಸಿ ಹೊರಟುಹೋದ. ಕೋಲ್ಡಿನ ಅಂಗಳದಲ್ಲಿ ಯಾರೂ ಇರಲಿಲ್ಲ. ಮಷೀನು ಗುಂಯ್ ಎನ್ನುತ್ತಿತ್ತು. ಶಟರಿನ ಕೀಲಿ ತೆಗೆದು ಮೇಘಾ ಕೋಣೆಯ ದಪ್ಪ ಬಾಗಿಲನ್ನು ಎರಡೂ ಕೈಯಿಂದ ಎಳೆದಳು. ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು.

"ಅತ್ತೀ."

ಮರುಮಾತಿಲ್ಲ. ಇನ್ನೊಮ್ಮೆ ಕರೆದಾಗ ಪೆಟ್ಟಿಗೆಗಳ ಹಿಂದಿನಿಂದ ಕೆಮ್ಮು ಕೇಳಿತು. ಚಂದ್ರಾಬಾಯಿ ರಟ್ಟಿನ ಪೆಟ್ಟಿಗೆಗಳನ್ನು ಹರಿದು ಮೈಮೇಲೆ ಹೊದ್ದುಕೊಂಡು, ಕಾಲನ್ನು ಗೋಣಿಚೀಲದೊಳಗೆ ಇಟ್ಟು ಮುದುಡಿ ಕೂತಿದ್ದಳು. ತುಟಿ ನೀಲಿಯಾಗಿತ್ತು. ಬಾಗಿಲು ಬಡಿದು ಬಡಿದು ಅಂಗೈ ಸುಲಿದಿತ್ತು. ಮೇಘಾಳಿಗೆ ಎತ್ತಲಾಗಲಿಲ್ಲ. ಬಗಲಿಗೆ ಕೈ ಹಾಕಿ ಅಂಗಳದಲ್ಲಿ ಬಿಸಿಲು ಬಿದ್ದ ಫರಸಿಗಲ್ಲಿನವರೆಗೆ ಎಳೆದು ತಂದಳು. ತನ್ನ ಸೆರಗಿನಿಂದ ಕಾಲು ತಿಕ್ಕತೊಡಗಿದಳು.

ಬಹಳ ಹೊತ್ತಿನ ಮೇಲೆ ಚಂದ್ರಾಬಾಯಿ ಬಾಯಿ ತೆರೆದಳು.

"ಆ ಸತೀಶಕುಮಾರಗ ಹೇಳಿದೇನು?"

"ಹೇಳಿದೆ."

"ಹೇಳಬಾರದಿತ್ತು."

"ಮತ್ತ ಕೀಲಿ ಹ್ಯಾಂಗ ತರ್ಲಿ ಅತ್ತಿ?"

ಚಂದ್ರಾಬಾಯಿ ಕಣ್ಣು ಮುಚ್ಚಿದಳು. ಕಣ್ಣಿಂದ ನೀರು ಇಳಿದು ಕಿವಿಯ ಹತ್ತಿರ ಹೋಯಿತು.

ಕರೆಪ್ಪ ಬಂದಾಗ ದವಾಖಾನೆಯ ಮಾತು ಎತ್ತಿದ. ಆದರೆ ಊರೊಳಗೆ ಹೋಗುವ ರಸ್ತೆಗಳೆಲ್ಲ ಸಮಾವೇಶಕ್ಕಾಗಿ ಬಂದ್ ಆಗಿದ್ದವು. ಎಲ್ಲಿಂದಲೋ ಬಿಸಿ ಚಹಾ ತಂದುಕೊಟ್ಟ. ಇಳಿಹೊತ್ತಿಗೆ ಚಂದ್ರಾಬಾಯಿ ಎದ್ದು ನಿಲ್ಲುವಂತಾದಳು. ಆಗ ಸತೀಶಕುಮಾರನ ಫೋನು ಬಂತು.

"ಬದುಕ್ಯಾಳಲ್ಲಾ?" ಎಂದು ಕೇಳಿದ. ಹೌದೆಂದಾಗ ದೊಡ್ಡ ಉಸಿರು ಬಿಟ್ಟ. "ನಾಳೆ ಇಬ್ಬರೂ ಸೂಟಿ ತಗೋರಿ. ಈ ಮಾತು ಕಾಂಪೌಂಡ್ ದಾಟೂದು ಬ್ಯಾಡ."

ಮನೆ ಎದುರಿಗೇ ಕಾಣುತ್ತಿತ್ತು, ಆದರೆ ಬೈಪಾಸು ದಾಟಲು ಆಗಲಿಲ್ಲ. ಸಮಾವೇಶ ಮುಗಿಸಿದ ಬಸ್ಸು, ಕ್ರೂಸರುಗಳು ಒಂದರ ಹಿಂದೊಂದು ಬರುತ್ತಲೇ ಇದ್ದವು. ಅತ್ತೆ ಸೊಸೆ ರಸ್ತೆಯಂಚಿನಲ್ಲಿ ನಿಂತೇ ಇದ್ದರು.

"ಒಳಗ ಏನ್ ಮಾಡಿದ್ರಿ ಅತ್ತಿ?"

"ಮೊದಲ ಒದರಿದೆ. ಆಮ್ಯಾಲ ದಣದು ಸುಮ್ಮನ ಕುಂತೆ. ಮಗನ ಹೆಸರ ನೆನಪಾಗಲಿಲ್ಲ ನೋಡು, ಒಂದೀಟ ಹೊತ್ತು."

ಮನೆಯಲ್ಲಿ ದೇವಾನಂದ ಸಿಟ್ಟಿನಿಂದ ಕುದಿದ. ಮಾಲಕನ ಮನೆಗೇ ಹೋಗುತ್ತೇನೆ, ಇನ್ನು ಇಬ್ಬರೂ ಅಲ್ಲಿಗೆ ಕಾಲಿಡಬಾರದು ಎಂದ.

"ಮತ್ತ ಎಲ್ಲಿಗಿ ಹೋಗೂದು?" ಚಂದ್ರಾಬಾಯಿ ಕೌದಿಯೊಳಗಿನಿಂದಲೇ ಕೇಳಿದಳು. "ಬಾಜೂ ಕೋಲ್ಡ್ ಇವನ ತಮ್ಮಂದು. ಅದರ ಆಚೀದು ಬೀಗರದು. ಸುಮ್ಮನ ಉಣ್ಣು."

ಒಂದು ದಿನ ಬಿಟ್ಟು ಇಬ್ಬರೂ ಕೆಲಸಕ್ಕೆ ಹೋದರು. ಸತೀಶಕುಮಾರ ಅವರ ಮುಖ ನೋಡಲಿಲ್ಲ. ವಾರದೊಳಗೆ ಬಾಗಿಲಿಗೆ ಹೊಸ ಹಿಡಿಕೆ ಬಂತು. ಯಾಕೆಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಚಂದ್ರಾಬಾಯಿ ಮಾತ್ರ ಆ ಕೋಣೆಯ ಹೊಸ್ತಿಲು ತುಳಿಯಲಿಲ್ಲ. ಆಕೆಯ ಪಾಲಿನ ಪೆಟ್ಟಿಗೆಗಳನ್ನೂ ಮೇಘಾಳೇ ತರುತ್ತಿದ್ದಳು. ಒಳಗೆ ಹೋಗಿ ಸ್ವಲ್ಪ ಹೊತ್ತಾದರೆ ಸಾಕು, ಹೊರಗೆ ಆರಿಸುತ್ತ ಕೂತ ಚಂದ್ರಾಬಾಯಿ ಕೈ ನಿಲ್ಲಿಸಿ ಕರೆಯುತ್ತಿದ್ದಳು.

"ಮೇಘಾ."

"ಇಲ್ಲೇ ಅದೇನ್ರಿ ಅತ್ತಿ."

ಆ ದನಿ ಕೇಳಿದ ಮೇಲೆ ಮತ್ತೆ ಒಣದ್ರಾಕ್ಷಿಯ ತಟ್ಟೆಯ ಕಡೆ ಬಗ್ಗುತ್ತಿದ್ದಳು.