ಮೊದಲ ಹಿಟ್ಟು

"ಏ ದುರ್ಗಿ, ಕಲ್ಲಿಗೆ ಟಾಕಿ ಹಾಕಾಕತ್ತೀಯೋ, ನಿನ್ನ ಮಿಂಡನ ಬೆನ್ನ ತಿಕ್ಕಾಕತ್ತೀಯೋ? ಲಗೂ ಹೊಡಿ!"

ಶಂಭುಲಿಂಗಗೌಡ ಕಟ್ಟೆಯ ಮೇಲೆ ನಿಂತು ಒದರುತ್ತಿದ್ದ. ನಾನು ಬೀಸುಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಸವೆದ ಗೀರುಗಳನ್ನು ಉಳಿಯಿಂದ ಮತ್ತೆ ಹೊಡೆಯುತ್ತಿದ್ದೆ. ಕರ್ಜಗಿಯ ಹೊರಗೆ ಕಾಲುವೆ ನೀರಿನಿಂದ ತಿರುಗುತ್ತಿದ್ದ ಗೌಡರ ಹಳೆಯ ಹಿಟ್ಟಿನ ಗಿರಣಿ ಅದು. ಡೀಸೆಲ್ ಗಿರಣಿ ಬಂದ ಮೇಲೆ ಹಾಳು ಬಿದ್ದಿತ್ತು. ಈಗ ಅದನ್ನು ದುರಸ್ತಿ ಮಾಡಿಸಿದ್ದರು, ಹಳೆಯ ಗಿರಣಿ ನೋಡಲು ಮಂದಿ ಬರುತ್ತಾರಂತೆ. ಚಕ್ರ ಹೊಸದು, ಸುಣ್ಣ ಹೊಸದು, ಬಾಗಿಲಿಗೆ ಬೋರ್ಡೂ ಹೊಸದು: 'ಗೌಡರ ಮನೆತನ ಬಡವರಿಗೆ ಮೊದಲ ಹಿಟ್ಟು ದಾನ ಮಾಡುತ್ತಿದ್ದ ಪುಣ್ಯಸ್ಥಳ.'

ಪುಣ್ಯವಂತೆ, ಥೂ!

ಹೀಗೆ ಉಳಿಯಿಂದ ಟಾಕಿ ಹಾಕಿದ ಕಲ್ಲು ಬೀಸುವ ಮೊದಲ ಹಿಟ್ಟಿನ ತುಂಬ ಕಲ್ಲಿನ ಪುಡಿ. ಹಲ್ಲು ಸವೆದಾವೆಂದು ಗೌಡರು ಅದನ್ನು ಎಮ್ಮೆಗೂ ಹಾಕುತ್ತಿರಲಿಲ್ಲ. ನಮ್ಮ ವಡ್ಡರ ಓಣಿಗೆ ಕೊಡುತ್ತಿದ್ದರು. ಟಾಕಿ ಹಾಕಿದವರಿಗೆ ಅದೇ ಕೂಲಿ. ನಾನು ಹುಟ್ಟುವ ಮೊದಲು ನನ್ನ ಅಣ್ಣ ಆ ಹಿಟ್ಟಿನ ಅಂಬಲಿ ಕುಡಿದು, ಹೊಟ್ಟೆ ಹಿಡಿದುಕೊಂಡು ಒದ್ದಾಡಿ, ರಕ್ತ ಕಾರಿ ಸತ್ತ. ನನ್ನವ್ವ ಮಂಗಳವ್ವ ಇವತ್ತಿಗೂ ಅವನ ಹೆಸರೆತ್ತುವುದಿಲ್ಲ.

ಉದ್ಘಾಟನೆಗೆ ಹಾವೇರಿಯಿಂದ ಸಾಹೇಬರು ಬಂದರು. ಅವರ ಊಟಕ್ಕೆ ಬೇರೆ ಹಿಟ್ಟು, ಪೇಟೆಯಿಂದ ತಂದದ್ದು. ಅಡಿಗೆಯ ನಾಗರತ್ನಾ ಪಕ್ಕದಲ್ಲೇ ಅಗಲ ಪರಾತದಲ್ಲಿ ಆ ಹಿಟ್ಟನ್ನು ರೊಟ್ಟಿಗೆ ನಾದುತ್ತಿದ್ದಳು. ಕಾಲುವೆಯ ತೂಬು ಎತ್ತಿದರು. ಚಕ್ರ ತಿರುಗಿತು, ಹಿಟ್ಟು ಬಿತ್ತು. ಗೌಡ ಅವ್ವನನ್ನೇ ಕರೆಸಿದ್ದ.

"ಮಂಗಳಿ, ಉಡಿ ಒಡ್ಡು. ಮೊದಲಿನಂಗ ಬಗ್ಗಿ ನಿಂದ್ರು. ಫೋಟೋ ತಗೀತಾರ."

ಅವ್ವ ಬಗ್ಗಿ ಸೆರಗು ಒಡ್ಡಿದಳು. ಗೌಡ ಕೈ ತಾಗದಂತೆ ಮೇಲಿನಿಂದ ಸುರಿದ.

"ನಗಬೇ ಮುದುಕಿ! ಯಾಕ, ಹಲ್ಲ ಇಲ್ಲೇನ?"

ಸಾಹೇಬರೆಲ್ಲ ನಕ್ಕರು. ನಾನು ಮಂದಿಯನ್ನು ಸರಿಸಿ ಮುಂದೆ ಬಂದೆ. ಅವ್ವನ ಉಡಿಯಿಂದ ಒಂದು ಮುಷ್ಟಿ ತೆಗೆದು ಗೌಡನ ಬಾಯಿಯ ಹತ್ತಿರ ಹಿಡಿದೆ.

"ದಾನ ಅಂತ ಬರಸೀರಲ್ರಿ ಗೌಡ್ರ. ನೀವೂ ಒಂದ ಮುಕ್ಕ ತಿನ್ರಿ. ನಮ್ಮಣ್ಣ ಇದನ್ನ ತಿಂದ ಸತ್ತಾನ."

ಗೌಡ ಬಾಯಿ ತೆರೆಯಲಿಲ್ಲ. ಆಮೇಲೆ ತೆರೆದದ್ದು ಬೈಯಲು.

"ಬೋಸುಡಿ! ವಡ್ಡರಾಕಿ ನನಗ ತಿನ್ನಸ್ತೀಯೇನ?"

ಕಪಾಳಕ್ಕೆ ಬಾರಿಸಿದ. ಮುಷ್ಟಿಯ ಹಿಟ್ಟು ನನ್ನ ಮುಖಕ್ಕೇ ಹಾರಿತು, ತುಟಿ ಒಡೆಯಿತು. ಬಾಯಲ್ಲಿ ರಕ್ತದ ಜೊತೆ ಕಲ್ಲಿನ ಪುಡಿ ಕರಕರ ಎಂದಿತು.

ಅವ್ವನ ಉಡಿಯಲ್ಲಿ ಉಳಿದದ್ದನ್ನೆಲ್ಲ ಬಾಚಿಕೊಂಡು ಹೋಗಿ ನಾಗರತ್ನಾಳ ಪರಾತಕ್ಕೆ ಸುರಿದೆ. ಎರಡೂ ಕೈ ಹಾಕಿ ನಾದತೊಡಗಿದೆ. ಗೌಡನ ಆಳು ಓಡಿಬಂದು ನನ್ನ ತುರುಬು ಹಿಡಿದು ಎಳೆದ. ಬೆನ್ನಿಗೆ ಒದೆ ಬಿತ್ತು. ನಾನು ಪರಾತ ಬಿಡಲಿಲ್ಲ.

ಅವ್ವ ಖಾಲಿ ಸೆರಗು ಝಾಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಎದುರಿಗೆ ಬಂದು ಕೂತಳು.

"ಚೊಲೋತ್ನಂಗ ನಾದ ದುರ್ಗಾ," ಅಂದಳು. "ಗಂಟ ಉಳೀಬಾರದು."